ತಾಳಗುಪ್ಪ ಮಾರ್ಗಕ್ಕೆ ಉಗಿ ಇಂಜಿನ್ ಬೇಕೆನ್ನುವ ಮೊದಲು

ಮಾನ್ಯ ಸಂಪಾದಕರೇ,

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ, ಜೋಗಕ್ಕೆ ಬರುವ ಪ್ರವಾಸಿಗರಿಗಾಗಿ, ಹಳೆಯ ಉಗಿ ಇಂಜಿನ್ ಎಳೆಯುವ ವಿಶೇಷ ರೈಲೊಂದನ್ನು ವರ್ಷದಲ್ಲಿ ಕೆಲವು ದಿನವಾದರೂ ಓಡಿಸಬೇಕೆಂಬ ಮಾತು ನಮ್ಮ ಸಾಗರ ಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ. ಮಳೆಗಾಲದಲ್ಲಿ ಜೋಗ ಮೈದುಂಬಿ, ಊರಿಗೆ ಊರೇ ಪ್ರವಾಸಿಗರ ಕಾರುಗಳಿಂದ ತುಂಬಿದಾಗ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಆ ಆಸೆಯ ಹಿಂದಿರುವ ಪ್ರೀತಿ ನನಗೂ ಇದೆ; ಎಂಬತ್ತರ ದಶಕದಲ್ಲಿ ಇದೇ ಮಾರ್ಗದಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣಿಗೆ ಕಲ್ಲಿದ್ದಲಿನ ಕಿಡಿ ಬೀಳಿಸಿಕೊಂಡು, ಬೈಸಿಕೊಂಡವರ ಪೈಕಿ ನಾನೂ ಒಬ್ಬ. ಆದರೆ 2024ರಲ್ಲಿ ಅಮೆರಿಕದಲ್ಲಿ ಅಂಥದೊಂದು ರೈಲನ್ನು ಹತ್ತಿರದಿಂದ ನೋಡಿ ಬಂದ ಮೇಲೆ, ಮಲೆನಾಡಿನವರು ಕೇಳಬೇಕಾದದ್ದು ಇಂಜಿನ್ನನ್ನಲ್ಲ, ಇಂಜಿನ್ ನಡೆಸಿದವರ ತಿಳಿವಳಿಕೆಯನ್ನು ಉಳಿಸಿಕೊಳ್ಳುವ ಒಂದು ಏರ್ಪಾಡನ್ನು ಎಂದು ನನಗೆ ಖಚಿತವಾಗಿದೆ. ಅದಕ್ಕೆ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಯೂನಿಯನ್ ಪೆಸಿಫಿಕ್ ಎಂಬ ಸರಕು ಸಾಗಣೆ ರೈಲು ಕಂಪನಿಯು ತನ್ನ 4014 ಸಂಖ್ಯೆಯ ಉಗಿ ಇಂಜಿನ್ನನ್ನು ಆ ವರ್ಷ ಅಮೆರಿಕದ ಹಲವು ರಾಜ್ಯಗಳಲ್ಲಿ ಸುತ್ತಿಸಿತು. ಅದು ಟೆಕ್ಸಾಸ್ ರಾಜ್ಯಕ್ಕೆ ಬಂದಾಗ ಮಗಳು–ಅಳಿಯನ ಮನೆಯಲ್ಲಿದ್ದ ನನ್ನನ್ನು ಅವರು ಒಂದು ಸಣ್ಣ ಊರಿನ ಹೊರಗೆ, ಹಳಿಯ ಪಕ್ಕದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಮಗಿಂತ ಮೊದಲೇ ಬಂದು ಮಡಚುವ ಕುರ್ಚಿ ಹಾಕಿಕೊಂಡು ಕುಳಿತವರ ಸಾಲು ಕಣ್ಣು ಹಾಯುವವರೆಗೂ ಇತ್ತು. ಅಜ್ಜ–ಅಜ್ಜಿಯರು, ಕೈಗೂಸುಗಳು, ಕ್ಯಾಮೆರಾ ಹಿಡಿದ ಹುಡುಗರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು, ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಿದ್ದರು. ಜಾತ್ರೆಯ ಹಾಗೆ ಜನ ಸೇರಿದ್ದರೂ ಹಳಿಯಿಂದ ಸಾಕಷ್ಟು ದೂರ ನಿಲ್ಲಬೇಕೆಂಬ ಎಚ್ಚರ ಬಹುಪಾಲು ಜನರಲ್ಲಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ವಿಷಯಕ್ಕೆ ಮುಂದೆ ಬರಬೇಕಾಗುತ್ತದೆ.

ಮೊದಲು ಕಂಡದ್ದು ಹೊಗೆ. ಆಮೇಲೆ ಕೇಳಿದ್ದು ಸೀಟಿ. ನಮ್ಮ ಮೀಟರ್ ಗೇಜ್ ಇಂಜಿನ್ನುಗಳ ಸೀಟಿಯ ನೆನಪಿದ್ದವರಿಗೆ ಅದು ಬೇರೆಯೇ ಜಾತಿಯ ಪ್ರಾಣಿಯ ಕೂಗಿನಂತೆ, ಹಲವು ಸ್ವರಗಳು ಕೂಡಿದ ಗಂಭೀರ ನಾದವಾಗಿ ಕೇಳುತ್ತದೆ. ಇಂಜಿನ್ ಎದುರಿಗೆ ಬಂದಾಗ ನೆಲ ಕಾಲಿನಡಿಯಲ್ಲಿ ಅದುರಿದ್ದು ಕಲ್ಪನೆಯಲ್ಲ. ನೀರು, ಇಂಧನ ಹೊರುವ ಹಿಂಬದಿಯ ಗಾಡಿಯಾದ ಟೆಂಡರ್ ಸೇರಿ ಸುಮಾರು 132 ಅಡಿ ಉದ್ದ, ಸುಮಾರು 540 ಟನ್ ತೂಕದ ಯಂತ್ರವದು. ಒಂದೇ ಬಾಯ್ಲರಿನ ಕೆಳಗೆ ಎರಡು ಪ್ರತ್ಯೇಕ ಚಾಲಕ ಚೌಕಟ್ಟುಗಳಿದ್ದು, ಒಂದೊಂದಕ್ಕೆ ಎಂಟೆಂಟು ಚಕ್ರಗಳಂತೆ ಹದಿನಾರು ಚಾಲಕ ಚಕ್ರಗಳಿವೆ. ಇಷ್ಟು ಉದ್ದದ ಇಂಜಿನ್ ತಿರುವಿನಲ್ಲಿ ಹಳಿಯನ್ನು ಅನುಸರಿಸಬೇಕಾದ್ದರಿಂದ ಮುಂದಿನ ಚೌಕಟ್ಟು ಬಾಯ್ಲರಿನ ಕೆಳಗೆ ಕೀಲಿನ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಎರಡು ಚೌಕಟ್ಟುಗಳನ್ನು ಬೆಸೆಯುವ ಸರಳು ಯಾವುದೂ ಇಲ್ಲದ ಕಾರಣ ಎರಡರ ಲಯ ಒಮ್ಮೆ ಕೂಡುತ್ತದೆ, ಒಮ್ಮೆ ಅಗಲುತ್ತದೆ. ಕೂಡಿದಾಗ ಒಂದೇ ದೊಡ್ಡ ಇಂಜಿನ್ ಉಸಿರಾಡಿದಂತೆಯೂ, ಅಗಲಿದಾಗ ಎರಡು ಇಂಜಿನ್ನುಗಳು ಒಂದರ ಬೆನ್ನಿಗೆ ಇನ್ನೊಂದು ಓಡುತ್ತಿರುವಂತೆಯೂ ಕೇಳಿಸುತ್ತದೆ. ಈ ಲಯಭೇದವನ್ನು ಯಾವ ಮೊಬೈಲ್ ವಿಡಿಯೊವೂ ಸರಿಯಾಗಿ ಹಿಡಿಯಲಾರದು. ನಾನು ತೆಗೆದದ್ದಂತೂ ಹಿಡಿದಿಲ್ಲ.

ಅದರ ಹಿಂದೆ ಹೆಚ್ಚುವರಿ ನೀರಿನ ಟೆಂಡರು, ಇಳಿಜಾರಿನಲ್ಲಿ ಬ್ರೇಕಿಗೆ ನೆರವಾಗುವ ಒಂದು ಡೀಸೆಲ್ ಇಂಜಿನ್, ಉಪಕರಣಗಳ ಬೋಗಿ, ಸಿಬ್ಬಂದಿ ಉಳಿಯುವ ಬೋಗಿಗಳು, ಗಾಜಿನ ಗುಮ್ಮಟವಿರುವ ಹಳೆಯ ಕಾಲದ ಪ್ರಯಾಣಿಕ ಬೋಗಿಗಳು, ಎಲ್ಲವೂ ಹಳದಿ ಬಣ್ಣದಲ್ಲಿ ಹೊಳೆಯುತ್ತ ಒಂದರ ಹಿಂದೊಂದು ಸಾಗಿದವು. ಎಣಿಸಲು ಹೊರಟ ಮೊಮ್ಮಗ ನಡುವೆ ಲೆಕ್ಕ ತಪ್ಪಿ ಕೈಬಿಟ್ಟ. ಅಷ್ಟು ದೊಡ್ಡ ಇಂಜಿನ್ನಿಗೆ ಆ ಉದ್ದದ ರೈಲು ಹೊರೆಯೇ ಅಲ್ಲ ಎಂಬುದು ಅದರ ಹಗುರವಾದ ಉಸಿರಿನಿಂದಲೇ ತಿಳಿಯುತ್ತಿತ್ತು. ವಾಸಾಚ್ ಬೆಟ್ಟಸಾಲಿನ ಏರಿನಲ್ಲಿ, ಜೊತೆಗೆ ಇನ್ನೊಂದು ಇಂಜಿನ್ನಿನ ನೆರವಿಲ್ಲದೆ, 3,600 ಟನ್ನಿನ ಸರಕು ರೈಲನ್ನು ಎಳೆಯಲೆಂದೇ ಅದನ್ನು ರೂಪಿಸಿದ್ದರು.

ಇದರ ಚರಿತ್ರೆ ಸ್ವಲ್ಪ ವಿವರವಾಗಿ ಹೇಳಬೇಕಾದಂಥದು. 1941ರಿಂದ 1944ರವರೆಗೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಅಮೆರಿಕನ್ ಲೋಕೊಮೋಟಿವ್ ಕಂಪನಿ ಇಂಥ 25 ಇಂಜಿನ್ನುಗಳನ್ನು ಕಟ್ಟಿತು. ಕಾರ್ಖಾನೆಯ ಕೆಲಸಗಾರನೊಬ್ಬ ಸೀಮೆಸುಣ್ಣದಿಂದ ಅದರ ಮೇಲೆ ‘ಬಿಗ್ ಬಾಯ್’ ಎಂದು ಬರೆದನಂತೆ. ಅವನ ಹೆಸರು ಯಾರಿಗೂ ತಿಳಿಯದೆ ಹೋಯಿತು, ಅವನಿಟ್ಟ ಹೆಸರು ಮಾತ್ರ ಇಡೀ ವರ್ಗಕ್ಕೆ ಅಂಟಿಕೊಂಡಿತು. ಡೀಸೆಲ್ ಬಂದ ಮೇಲೆ 1959ರಲ್ಲಿ ಇವುಗಳ ದುಡಿಮೆ ಮುಗಿಯಿತು. ಎಂಟು ಇಂಜಿನ್ನುಗಳು ಪ್ರದರ್ಶನಕ್ಕೆ ಉಳಿದು, ಮಿಕ್ಕವು ಗುಜರಿಗೆ ಹೋದವು. 4014 ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಅರ್ಧ ಶತಮಾನ ನಿಂತೇ ಇತ್ತು. 2013ರಲ್ಲಿ ಕಂಪನಿಯು ಅದನ್ನು ಮರಳಿ ಪಡೆದು, ವಯೋಮಿಂಗ್ ರಾಜ್ಯದ ಶಯೆನ್ ಪಟ್ಟಣದ ತನ್ನ ಉಗಿ ಶೆಡ್ಡಿಗೆ ಒಯ್ದು, ಪೂರ್ತಿ ಬಿಚ್ಚಿ, ಕಲ್ಲಿದ್ದಲಿನ ಬದಲು ಎಣ್ಣೆಯಲ್ಲಿ ಉರಿಯುವಂತೆ ಮಾರ್ಪಡಿಸಿ, 2019ರ ಮೇ ತಿಂಗಳಿನಲ್ಲಿ, ಖಂಡವನ್ನು ದಾಟಿದ ಮೊದಲ ರೈಲುಮಾರ್ಗದ 150ನೆಯ ವರ್ಷದ ಸಂಭ್ರಮಕ್ಕೆ ಸರಿಯಾಗಿ ಹಳಿಯ ಮೇಲೆ ಓಡಿಸಿತು. ಇಂದು ಓಡುತ್ತಿರುವ ಬಿಗ್ ಬಾಯ್ ಇದೊಂದೇ.

ಅರ್ಧ ಶತಮಾನ ತಣ್ಣಗೆ ನಿಂತಿದ್ದ ಯಂತ್ರಕ್ಕೆ ಜೀವ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಹಣ ಎಂದು ಉತ್ತರಿಸುವುದು ಸುಲಭ. ಹಣ ಬೇಕಾಯಿತು, ನಿಜ. ಆದರೆ ಅದೇ ಕಂಪನಿಯ ಬಳಿ 844 ಎಂಬ ಇನ್ನೊಂದು ಉಗಿ ಇಂಜಿನ್ ಇದೆ. 1944ರಲ್ಲಿ ಬಂದ ಅದು ಇಂದಿನವರೆಗೂ ಸೇವೆಯಿಂದ ನಿವೃತ್ತಿಯೇ ಆಗಿಲ್ಲ. ಉಗಿ ಇಂಜಿನ್ನುಗಳ ದಿನನಿತ್ಯದ ದುಡಿಮೆ ಮುಗಿದ ಮೇಲೂ ಇದಕ್ಕಾಗಿ ಬಾಯ್ಲರ್ ತೊಳೆಯುವವರು, ಕೊಳವೆ ಬದಲಿಸುವವರು, ಬೆಂಕಿ ನೋಡುವವರು ಆ ಕಂಪನಿಯಲ್ಲಿ ಇದ್ದೇ ಇದ್ದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುತ್ತ ಬಂದಿತು. 4014ಕ್ಕೆ ಜೀವ ಕೊಟ್ಟದ್ದು ಮುಖ್ಯವಾಗಿ ಕಡಿಯದೆ ಉಳಿದ ಈ ಕಸುಬು ಎಂಬುದು ನನ್ನ ತಿಳಿವಳಿಕೆ.

ಆ ದಿನ ರೈಲು ನಾವು ನಿಂತಲ್ಲಿಂದ ಮುಂದಿನ ಊರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಕಾರಿನಲ್ಲಿ ಹಿಂಬಾಲಿಸಿ ಹೋದ ನಾವು ಜನರ ನಡುವೆ ಜಾಗ ಮಾಡಿಕೊಂಡು ನೋಡಿದಾಗ, ಜನರೆಲ್ಲ ಇಂಜಿನ್ನಿನ ಮುಖದ ಫೋಟೊ ತೆಗೆಯುತ್ತಿದ್ದರೆ, ಸಿಬ್ಬಂದಿ ಯಾರ ಕಡೆಗೂ ನೋಡದೆ ಚಕ್ರಗಳ ನಡುವೆ ಬಗ್ಗಿದ್ದರು. ಒಬ್ಬರು ಸರಳುಗಳ ಕೀಲುಗಳಿಗೆ ಒಂದೊಂದಾಗಿ ಗ್ರೀಸ್ ತುಂಬುತ್ತಿದ್ದರು, ಇನ್ನೊಬ್ಬರು ಬೇರಿಂಗುಗಳ ಬಿಸಿ ಹೆಚ್ಚಿದೆಯೇ ಎಂದು ನೋಡುತ್ತ ಹೋಗುತ್ತಿದ್ದರು. ಹೊರಡುವ ಹೊತ್ತು ಬಂದಾಗ ಸಿಲಿಂಡರುಗಳ ಕೆಳಗಿನ ನಲ್ಲಿ ತೆರೆದು, ಒಳಗೆ ತಣಿದು ನಿಂತ ನೀರನ್ನು ಉಗಿಯ ಜೊತೆ ಹೊರಚಿಮ್ಮಿಸಿ, ಆಮೇಲೆ ಸಿಲಿಂಡರಿಗೆ ಉಗಿ ಬಿಡುವ ಹಿಡಿಯಾದ ರೆಗ್ಯುಲೇಟರನ್ನು ಮೆಲ್ಲನೆ ಎಳೆದರು. ಬಿಳಿಯ ಮೋಡದೊಳಗಿಂದ ಇಂಜಿನ್ ಹೊರಬರುವ ಆ ದೃಶ್ಯಕ್ಕೆ ಎಲ್ಲರೂ ಕೇಕೆ ಹಾಕಿದರು. ಸಿಲಿಂಡರಿನಲ್ಲಿ ನೀರು ಉಳಿದರೆ ಪಿಸ್ಟನ್ ಅದನ್ನು ಒತ್ತಲಾರದೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಆ ಅಪಾಯ ತಪ್ಪಿಸುವ ಕೆಲಸವೇ ಅಲ್ಲಿ ನೆರೆದವರಿಗೆ ಹಬ್ಬವಾಗಿತ್ತು.

ಉಗಿ ಇಂಜಿನ್ನಿನ ಒಂದು ಗುಣವನ್ನು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನಾಗಿ, ಇಲ್ಲಿ ವಿವರಿಸದೆ ಇರಲಾರೆ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಗಾಳಿಗೆ ಬಿಡುವುದಿಲ್ಲ. ಅದನ್ನು ಚಿಮಣಿಯ ಬುಡದಲ್ಲಿರುವ ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಆ ಚಿಮ್ಮುವಿಕೆ ಹೊಗೆಪೆಟ್ಟಿಗೆಯ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುವುದರಿಂದ ಅಲ್ಲಿ ಒತ್ತಡ ಇಳಿಯುತ್ತದೆ. ಆಗ ಬೆಂಕಿಗೂಡಿನ ಕೆಳಗಿನಿಂದ ಹೊಸ ಗಾಳಿ ನುಗ್ಗಿ, ಉರಿಯನ್ನು ಕೆರಳಿಸಿ, ಬಿಸಿಯನ್ನು ಬಾಯ್ಲರಿನ ಕೊಳವೆಗಳ ಉದ್ದಕ್ಕೂ ಎಳೆಯುತ್ತದೆ. ಏರು ಕಡಿದಾದಷ್ಟೂ ಇಂಜಿನ್ ಹೆಚ್ಚು ಉಗಿ ಬಳಸುತ್ತದೆ, ಹೆಚ್ಚು ಉಗಿ ಚಿಮ್ಮಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ, ಬೆಂಕಿ ಹೆಚ್ಚಿದಷ್ಟೂ ಉಗಿ ಹೆಚ್ಚುತ್ತದೆ. ಕಮ್ಮಾರನ ತಿದಿಯನ್ನು ಒತ್ತುವ ಕೆಲಸವನ್ನು ಕುಲುಮೆಯ ಸುತ್ತಿಗೆಯೇ ಮಾಡಿಕೊಂಡಂತೆ ಇದು. ನಾವು ಬಾಲ್ಯದಲ್ಲಿ ಅನುಕರಿಸುತ್ತಿದ್ದ ‘ಛುಕು ಛುಕು’ ಸದ್ದು ಈ ಉಗಿಯದೇ.

ಆದರೆ ಈ ಸ್ವಯಂಚಾಲನೆ ಅರ್ಧ ಮಾತ್ರ, ಉಳಿದರ್ಧ ಮನುಷ್ಯನದು. ಬೆಂಕಿಗೂಡಿನ ಮೇಲ್ಛಾವಣಿಯ ಮೇಲೆ ಸದಾ ನೀರು ನಿಂತಿರಬೇಕು. ಏರಿನಿಂದ ಇಳಿಜಾರಿಗೆ ತಿರುಗಿದೊಡನೆ ಬಾಯ್ಲರಿನೊಳಗಿನ ನೀರು ಮುಂದಕ್ಕೆ ಸರಿದು ಆ ಛಾವಣಿ ಬರಿದಾದರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯಬಹುದು. ಹಾಗಾಗಿ ಮುಂದೆ ಬರಲಿರುವ ಏರು, ಇಳಿಜಾರು, ನಿಲ್ದಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈಗಲೇ ಎಷ್ಟು ನೀರು, ಎಷ್ಟು ಇದ್ದಲು ಎಂದು ನಿರ್ಧರಿಸುವವನೇ ಒಳ್ಳೆಯ ಫೈರ್‌ಮನ್. ಈ ಲೆಕ್ಕ ಒಂದೊಂದು ಮಾರ್ಗಕ್ಕೂ ಬೇರೆಯಾದ್ದರಿಂದ ಅದನ್ನು ಯಾವ ಕೈಪಿಡಿಯಿಂದಲೂ ಪೂರ್ತಿ ಕಲಿಯಲಾಗದು.

ಈಗ ನಮ್ಮ ಮಾರ್ಗದ ಮಾತಿಗೆ ಬರುತ್ತೇನೆ. ಬೀರೂರು–ಶಿವಮೊಗ್ಗ ಮೀಟರ್ ಗೇಜ್ ಹಾದಿ 1899ರಲ್ಲಿ ತೆರೆಯಿತು. ಮೂವತ್ತರ ದಶಕದಲ್ಲಿ ಅದು ಕುಂಸಿ, ಅರಸಾಳು, ಆನಂದಪುರಗಳ ಕಾಡನ್ನು ಹಾದು ಸಾಗರದತ್ತ ಬೆಳೆದು, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಕಾಡಿನಿಂದ ಸೌದೆ ತರಲು ಟ್ರಾಮ್ ಹಳಿಗಳಿದ್ದವು. ತರೀಕೆರೆ ಮತ್ತು ನರಸಿಂಹರಾಜಪುರಗಳ ನಡುವೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಅಂದರೆ ಈ ಸೀಮೆಯ ಅಡಿಕೆ, ಮರ, ಅದಿರು, ನೆಂಟರು, ದಿಬ್ಬಣ ಎಲ್ಲವನ್ನೂ ಹಲವು ಬಗೆಯ ಉಗಿ ಇಂಜಿನ್ನುಗಳು ಹೊತ್ತು ತಿರುಗಿವೆ. ಸ್ವಾತಂತ್ರ್ಯಾನಂತರ ನಮ್ಮ ದೇಶದ ಮೀಟರ್ ಗೇಜ್ ಹಳಿಗಳ ಮೇಲೆ ದುಡಿದವುಗಳಲ್ಲಿ ಹೆಚ್ಚು ಹೆಸರಾದವು ಪ್ರಯಾಣಿಕರ ರೈಲಿಗೆ ವೈಪಿ, ಸರಕಿಗೆ ವೈಜಿ ವರ್ಗದವು. 4014ರ ಬಾಯ್ಲರಿನ ಒತ್ತಡ ಚದರ ಇಂಚಿಗೆ 300 ಪೌಂಡ್ ಆದರೆ ಇವುಗಳದು 210. ಅದರ ಚಾಲಕ ಚಕ್ರ 68 ಇಂಚಿನದಾದರೆ ವೈಪಿಯದು 54. ಗಾತ್ರದಲ್ಲಿ ಅಜಗಜಾಂತರವಿದ್ದರೂ ನಡೆಸುವವರ ಕಷ್ಟದಲ್ಲಿ ಅಷ್ಟು ಅಂತರವಿರಲಿಲ್ಲ. ಕೈಯಿಂದಲೇ ಕಲ್ಲಿದ್ದಲು ಎತ್ತಿ ಹಾಕಬೇಕಾಗಿದ್ದ ನಮ್ಮವರದೇ ಒಂದು ಕೈ ಹೆಚ್ಚೆನ್ನಬೇಕು.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಫೈರ್‌ಮನ್ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ, ಮಾತು ಮಾತ್ರ ಖಡಕ್ಕಾಗಿದೆ. ಅಮೆರಿಕದಲ್ಲಿ ತೆಗೆದ ವಿಡಿಯೊ ತೋರಿಸಿದಾಗ ಅವರು ಇಂಜಿನ್ನಿನ ಗಾತ್ರಕ್ಕೆ ಬೆರಗಾಗಲಿಲ್ಲ. ಚಿಮಣಿಯ ಕಡೆಗೇ ನೋಡಿ, “ಮೇಷ್ಟ್ರೇ, ಇವ್ರು ಬೆಂಕಿ ಚೆನ್ನಾಗಿ ಇಟ್ಕಂಡಿದಾರೆ” ಎಂದರು. ಹೊಗೆ ತೆಳ್ಳಗೆ ಬೂದು ಬಣ್ಣದಲ್ಲಿದ್ದರೆ ಉರಿ ಸರಿಯಾಗಿದೆ, ದಟ್ಟ ಕಪ್ಪಾದರೆ ಇಂಧನ ಹೆಚ್ಚಾಗಿ ಗಾಳಿ ಸಾಲದೆ ಹಣ ಚಿಮಣಿಯಿಂದ ಹಾರಿಹೋಗುತ್ತಿದೆ ಎಂದು ಅವರ ವಿವರಣೆ. ವಿಡಿಯೊದಲ್ಲಿ ಒಂದೆಡೆ ಒಮ್ಮೆಲೇ ಕಪ್ಪು ಹೊಗೆ ಏಳುವುದನ್ನು ಕಂಡು ಅವರು ಹುಬ್ಬು ಗಂಟಿಕ್ಕಿದಾಗ, ಎಣ್ಣೆ ಉರಿಸುವ ಇಂಜಿನ್ನುಗಳಲ್ಲಿ ಕೊಳವೆಗೆ ಹಿಡಿದ ಮಸಿ ಕಳೆಯಲು ಆಗಾಗ ಬೆಂಕಿಗೂಡಿಗೆ ಮರಳು ಎರಚುತ್ತಾರೆ, ಅದು ಮಸಿಯನ್ನು ಉಜ್ಜಿಕೊಂಡು ಹೊರಹೋಗುತ್ತದೆ ಎಂದು ನಾನು ಹೇಳಿದೆ. ಅವರು ನಕ್ಕು, “ಅಲ್ಲಿ ಮರಳು ಬೆಂಕಿಗಾ? ನಮ್ಗೆ ಹಳಿಗೇ ಸಾಲ್ತಿರ್ಲಿಲ್ಲ” ಎಂದರು.

ಆ ಮಾತಿನ ಹಿಂದೆ ಒಂದು ಮಳೆಗಾಲವೇ ಇದೆ. ಆನಂದಪುರದ ಕಡೆಯ ಕಾಡಿನಲ್ಲಿ ಜಡಿಮಳೆಗೆ ಹಳಿಯ ಮೇಲೆ ಎಲೆ ಬಿದ್ದು, ಚಕ್ರದಡಿಗೆ ಸಿಕ್ಕಿ ಅರೆದು, ಲೋಳೆಯಂತೆ ಅಂಟಿಕೊಂಡರೆ ಇಂಜಿನ್ನಿನ ಚಕ್ರ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಆಗ ಡ್ರೈವರ್ ತಕ್ಷಣ ರೆಗ್ಯುಲೇಟರ್ ಮುಚ್ಚಿ, ಚಕ್ರದ ಮುಂದೆ ಮರಳು ಬೀಳಿಸಿ, ಮತ್ತೆ ಮೆಲ್ಲನೆ ತೆರೆಯಬೇಕು. ಮರಳಿನ ಡಬ್ಬಿಗೆ ಇಬ್ಬನಿ, ಮಳೆನೀರು ಸೇರಿದರೆ ಮರಳು ಗಟ್ಟಿಯಾಗಿ ಕೊಳವೆಯಲ್ಲೇ ಕುಳಿತುಬಿಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮರಳನ್ನು ಹುರಿದು ಒಣಗಿಸಿ ತುಂಬುವುದು ಶೆಡ್ಡಿನವರ ದೊಡ್ಡ ಕೆಲಸವಾಗಿತ್ತಂತೆ. ಚಕ್ರ ಜಾರಿದಾಗ ಉಗಿಯ ಚಿಮ್ಮುವಿಕೆ ಒಮ್ಮೆಲೇ ಜೋರಾಗಿ ಬೆಂಕಿಯ ಹಾಸನ್ನೇ ಕಿತ್ತು ಚಿಮಣಿಗೆ ಎಳೆದುಬಿಡುತ್ತದೆ. ಆಗ ಫೈರ್‌ಮನ್ ಬೆಂಕಿಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಅದು ಕರಗಿ ಕಿಟ್ಟವಾಗಿ ಒಲೆಯ ಸರಳುಗಳ ನಡುವೆ ಗಾಳಿಯ ದಾರಿ ಮುಚ್ಚಿದರೆ ಉದ್ದನೆಯ ಸಲಾಕೆಯಿಂದ ಒಡೆದು ತೆಗೆಯುವ ಕೆಲಸವೂ ಅವರದೇ. ಬೆನ್ನಿಗೆ ಮಳೆಯ ಇರಚಲು, ಮುಖಕ್ಕೆ ಬೆಂಕಿಯ ಝಳ. ಯಾವ ಸ್ಟೇಷನ್ ದಾಟಿದ ಮೇಲೆ ಎಷ್ಟು ಸಲಿಕೆ ಹಾಕಿದರೆ ಮುಂದಿನ ಏರಿಗೆ ಉಗಿ ಸಾಲುತ್ತದೆ ಎಂಬುದನ್ನು ಅವರು ಇಂದಿಗೂ ಬೆರಳು ಮಡಚಿ ಹೇಳುತ್ತಾರೆ. ಇದೆಲ್ಲವೂ ಒಂದು ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ ಬಂದ ಮಾತು. ಕೇಳುವವರಿದ್ದರೆ ಅವರ ಬಳಿ ತಿಂಗಳುಗಟ್ಟಲೆ ಹೇಳುವಷ್ಟಿದೆ.

ಇನ್ನು ಉಗಿ ರೈಲಿನ ಬೇಡಿಕೆ. ತೊಂಬತ್ತರ ದಶಕದಲ್ಲಿ ಬೀರೂರು–ಶಿವಮೊಗ್ಗ ಹಾದಿಯೂ, ಹಲವು ವರ್ಷ ಒಂಟಿ ಬೋಗಿಯ ರೈಲುಬಸ್ಸಿನಿಂದ ಜೀವ ಹಿಡಿದುಕೊಂಡಿದ್ದ ತಾಳಗುಪ್ಪದ ಹಾದಿಯೂ 2011ರ ಹೊತ್ತಿಗೆ ಬ್ರಾಡ್ ಗೇಜ್ ಆದವು. ಮೀಟರ್ ಗೇಜ್ ಹಳಿಯ ಅಗಲ 1,000 ಮಿಲಿಮೀಟರ್, ಬ್ರಾಡ್ ಗೇಜಿನದು 1,676. ನಮ್ಮ ಮಾರ್ಗದಲ್ಲಿ ನಿಜವಾಗಿ ದುಡಿದ ವರ್ಗದ ಇಂಜಿನ್ ಎಲ್ಲಿಂದ ತಂದರೂ ಈ ಹಳಿಯ ಮೇಲೆ ನಿಲ್ಲಲಾರದು. ಉತ್ತರ ಭಾರತದ ಯಾವುದೋ ಬ್ರಾಡ್ ಗೇಜ್ ಉಗಿ ಇಂಜಿನ್ನನ್ನು ತಂದು ಇಲ್ಲಿ ಓಡಿಸಿ, ಇದೇ ನಿಮ್ಮ ಅಜ್ಜನ ಕಾಲದ ರೈಲು ಎಂದು ಮಕ್ಕಳಿಗೆ ತೋರಿಸಿದರೆ ಅದು ಚಂದದ ವೇಷವಾದೀತೇ ಹೊರತು ಚರಿತ್ರೆಯಾಗದು. ಮಾರ್ಗದ ಮೇಲೆ ಈಗ ವಿದ್ಯುತ್ ತಂತಿಗಳಿವೆ. ತಂತಿಯ ಕೆಳಗೆ ಉಗಿ ಇಂಜಿನ್ ಓಡಲೇಬಾರದೆಂದಿಲ್ಲ. 1855ರ ಇಐಆರ್–21 ಇಂಜಿನ್ನನ್ನು ಪೆರಂಬೂರು ಕಾರ್ಯಾಗಾರದಲ್ಲಿ ಸಜ್ಜುಗೊಳಿಸಿ ಚೆನ್ನೈಯಲ್ಲಿ ವಿಶೇಷ ದಿನಗಳಂದು ಓಡಿಸಿದ್ದಾರೆ. ಆದರೆ ನೀರು, ಇದ್ದಲಿಗಾಗಿ ಟೆಂಡರಿನ ಮೇಲೆ ಹತ್ತಬೇಕಾದ ಕಡೆಯೆಲ್ಲ 25,000 ವೋಲ್ಟಿನ ತಂತಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ನಿಧಾನವಾಗಿ ಸಾಗುವ ವಿಶೇಷ ರೈಲಿಗಾಗಿ ದಿನನಿತ್ಯ ಬೆಂಗಳೂರು, ಮೈಸೂರಿಗೆ ಹೋಗುವವರ ಗಾಡಿಗಳನ್ನು ಕಾಯಿಸಬೇಕಾದೀತು.

ಖರ್ಚಿನ ಅಂದಾಜಿಗೆ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನಲ್ಲಿ 1923ರಲ್ಲಿ ಕಟ್ಟಿದ, 1934ರಲ್ಲಿ ಗಂಟೆಗೆ 100 ಮೈಲಿ ವೇಗ ಮುಟ್ಟಿ ಹೆಸರಾದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್ನನ್ನು ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ 2004ರಲ್ಲಿ ಕೊಂಡಿತು. ಅದು ದುರಸ್ತಿಯಾಗಿ ಮತ್ತೆ ಓಡಿದ್ದು 2016ರಲ್ಲಿ. ಖರ್ಚಾದದ್ದು ನಲವತ್ತು ಲಕ್ಷ ಪೌಂಡಿಗೂ ಮೇಲೆ. ಅದಕ್ಕೂ ಮೊದಲು ಅದನ್ನು ಅಮೆರಿಕಕ್ಕೆ ಪ್ರವಾಸ ಒಯ್ದ ಒಡೆಯನೊಬ್ಬ ದಿವಾಳಿಯಾಗಿದ್ದ. 2016ರ ಫೆಬ್ರುವರಿಯಲ್ಲಿ ಅದು ಲಂಡನ್ನಿನಿಂದ ಯಾರ್ಕಿಗೆ ಹೊರಟ ದಿನ ನೋಡಲು ಬಂದ ಜನ ಹಳಿಯ ಮೇಲೇ ಇಳಿದದ್ದರಿಂದ ರೈಲನ್ನು ನಿಲ್ಲಿಸಬೇಕಾಯಿತು. 2024ರ ಜೂನ್‌ನಲ್ಲಿ ಕೆನಡಾದಿಂದ ಮೆಕ್ಸಿಕೊಗೆ ಬಂದ 2816 ಸಂಖ್ಯೆಯ ಉಗಿ ಇಂಜಿನ್ ಎದುರು ಸೆಲ್ಫಿ ತೆಗೆಯಲು ಹಳಿಯ ಅಂಚಿಗೆ ಬಗ್ಗಿದ ಮಹಿಳೆಯೊಬ್ಬರು ಇಂಜಿನ್ ಬಡಿದು ಸಾವನ್ನಪ್ಪಿದರು. ಟೆಕ್ಸಾಸಿನಲ್ಲಿ ನಾನು ಕಂಡ ಶಿಸ್ತು ತಾನಾಗಿ ಬಂದದ್ದಲ್ಲ. ರೈಲು ಬರುವ ಮೊದಲೇ ಹಳಿಯಿಂದ ದೂರವಿರಿ ಎಂದು ಕಂಪನಿ ಮತ್ತೆ ಮತ್ತೆ ಸಾರಿತ್ತು, ಊರೂರಿನಲ್ಲಿ ಪೊಲೀಸರಿದ್ದರು. ಮಳೆಗಾಲದ ಭಾನುವಾರ ಜೋಗದ ರಸ್ತೆಯನ್ನು ಕಂಡವರು ನಮ್ಮಲ್ಲಿ ಇದಕ್ಕೆ ಎಷ್ಟು ಸಿದ್ಧತೆ ಬೇಕಾದೀತೆಂದು ಊಹಿಸಬಲ್ಲರು.

ಉಗಿ ಇಂಜಿನ್ನನ್ನೇ ನೋಡಬೇಕು, ಅದರ ಹಿಂದೆ ಕುಳಿತು ಬೆಟ್ಟ ಹತ್ತಬೇಕು ಎನ್ನುವವರಿಗೆ ನೀಲಗಿರಿ ದೂರವೇನಲ್ಲ. ಮೆಟ್ಟುಪಾಳಯದಿಂದ ಕುನೂರಿನವರೆಗೆ, ಸುಮಾರು ಹನ್ನೆರಡೂವರೆ ಅಡಿಗೆ ಒಂದಡಿ ಏರುವ ಕಡಿದಾದ ಹಾದಿಯಲ್ಲಿ, ಹಲ್ಲಿನ ಹಳಿಗೆ ಗಾಲಿ ಕೊಟ್ಟು ಇಂದಿಗೂ ಉಗಿ ಇಂಜಿನ್ ಹತ್ತುತ್ತದೆ. ಆ ಹಾದಿ ತೆರೆದದ್ದು ನಮ್ಮ ಬೀರೂರು–ಶಿವಮೊಗ್ಗ ಹಾದಿ ತೆರೆದ 1899ರಲ್ಲಿಯೇ. ಅಲ್ಲಿ ಉಗಿ ಉಳಿದದ್ದಕ್ಕೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಆ ಇಂಜಿನ್ನುಗಳನ್ನು ದುರಸ್ತಿ ಮಾಡುತ್ತ ಬಂದು, ಇತ್ತೀಚಿನ ವರ್ಷಗಳಲ್ಲಿ ಹೊಸವನ್ನೂ ಕಟ್ಟಿದ್ದು ಮುಖ್ಯ ಕಾರಣ. ಶಯೆನ್ ಶೆಡ್ಡಿನಲ್ಲಿ ಆದದ್ದೇ ಅಲ್ಲಿಯೂ ಆಗಿದೆ: ಕಸುಬು ಕೈದಾಟಿ ಬಂದಿದೆ. ನಮ್ಮಲ್ಲಿ ಆ ಸರಪಳಿ ಕಡಿದು ಮೂರು ದಶಕವೇ ಆಯಿತು. ಎಂಬತ್ತರ ದಶಕದಲ್ಲಿ ಇಪ್ಪತ್ತೈದರ ಹುಡುಗನಾಗಿ ಸಲಿಕೆ ಹಿಡಿದವರಿಗೂ ಈಗ ಎಪ್ಪತ್ತರ ಹತ್ತಿರ ಹತ್ತಿರ.

ನಿಂತ ಇಂಜಿನ್ನುಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಹಲವು ಊರುಗಳಲ್ಲಿ ಸ್ಟೇಷನ್ ಮುಂದೆ ಕಟ್ಟೆ ಕಟ್ಟಿ ಹಳೆಯ ಇಂಜಿನ್ ನಿಲ್ಲಿಸಿ, ಸಿಕ್ಕ ಬಣ್ಣ ಬಳಿದು, ಸುತ್ತ ಹೂಕುಂಡ ಇಟ್ಟಿರುವುದನ್ನು ಕಾಣುತ್ತೇವೆ. ಅದು ಯಾವ ವರ್ಗದ್ದು, ಎಲ್ಲಿ ಓಡಿತು, ಅದರ ಯಾವ ಭಾಗ ಏನು ಮಾಡುತ್ತದೆ ಎಂಬ ನಾಲ್ಕು ಸಾಲು ಕನ್ನಡದಲ್ಲಿ ಬರೆದ ಫಲಕ ಅಪರೂಪ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದಲೂ ಈ ಕೆಲಸವನ್ನು ಒಂದು ಮಟ್ಟಕ್ಕೆ ಮಾಡುತ್ತ ಬಂದಿದೆ. ನಮ್ಮ ಅರಸಾಳಿನಲ್ಲಿ ಹಳೆಯ ಸ್ಟೇಷನ್ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿ ಮಾಲ್ಗುಡಿ ಸಂಗ್ರಹಾಲಯ ಮಾಡಿರುವುದು ಸಂತೋಷದ ಸಂಗತಿ. ಕಾಡಿನ ನಡುವಿನ ಆ ಪುಟ್ಟ ಕಟ್ಟಡವನ್ನು ಕೆಡವದೆ ಉಳಿಸಿದ ಅಧಿಕಾರಿಗಳನ್ನು ಅಭಿನಂದಿಸಲೇಬೇಕು. ಆದರೆ ಅಲ್ಲಿಗೆ ಬರುವವರು ಬಹುಮಟ್ಟಿಗೆ ಕಿರುತೆರೆಯಲ್ಲಿ ಕಂಡ ಕಾಲ್ಪನಿಕ ಊರೊಂದರ ನೆನಪನ್ನು ಹುಡುಕಿಕೊಂಡು ಬರುತ್ತಾರೆ. ಆ ಸ್ಟೇಷನ್ನಿನಲ್ಲಿ ನಿಜವಾಗಿ ಕಂದೀಲು ಹಿಡಿದು ನಿಂತ ಪಾಯಿಂಟ್ಸ್‌ಮನ್, ಸುರಿಮಳೆಯಲ್ಲಿ ಹಳಿ ಕಾಯ್ದ ಗ್ಯಾಂಗ್‌ಮನ್, ಇಂಜಿನ್ನಿಗೆ ನೀರು ಕುಡಿಸಿದವರ ಬದುಕಿಗೂ ಅಲ್ಲಿ ಒಂದು ಕೋಣೆ ಸಿಗುವುದು ನ್ಯಾಯ.

ಆದ್ದರಿಂದ ನೈಋತ್ಯ ರೈಲ್ವೆಯ ಮೈಸೂರು ವಿಭಾಗವನ್ನು ನಾವು ಕೇಳಬೇಕಾದದ್ದು ಇದು. ಬೀರೂರಿನಿಂದ ತಾಳಗುಪ್ಪದವರೆಗೆ ಉಗಿಯ ಕಾಲದಲ್ಲಿ ದುಡಿದ ಡ್ರೈವರ್, ಫೈರ್‌ಮನ್, ಶೆಡ್ಡಿನ ಫಿಟ್ಟರ್, ಬಾಯ್ಲರ್ ಕೆಲಸಗಾರ, ಗಾರ್ಡ್, ಸ್ಟೇಷನ್ ಮಾಸ್ಟರ್, ಗ್ಯಾಂಗ್‌ಮನ್‌ಗಳಲ್ಲಿ ಇಂದು ನಮ್ಮೊಡನಿರುವವರನ್ನು ಹುಡುಕಿ, ಅವರ ಮಾತನ್ನು ದೃಶ್ಯ–ಧ್ವನಿಯಲ್ಲಿ ದಾಖಲಿಸಿ, ಅರಸಾಳಿನ ಸಂಗ್ರಹಾಲಯದಲ್ಲಿ ಎಲ್ಲರೂ ಕೇಳುವಂತೆ ಇಡಬೇಕು. ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಸಿಗಲಾರದು. ಭದ್ರಾವತಿಯ ಆಕಾಶವಾಣಿಗೆ ಇಂಥ ಧ್ವನಿಮುದ್ರಣದ ಅನುಭವ ದಶಕಗಳದು. ಕೇಳುವವರು “ಆ ಕಾಲ ಹೇಗಿತ್ತು” ಎಂದು ಕೇಳಿ ಸುಮ್ಮನಾಗಬಾರದು. ಬೆಳಗಿನ ಗಾಡಿಗೆ ಬೆಂಕಿ ಹಚ್ಚಲು ಎಷ್ಟು ಗಂಟೆಗೆ ಶೆಡ್ಡಿಗೆ ಬರುತ್ತಿದ್ದಿರಿ, ಇಂಜಿನ್ ಎಲ್ಲಿ ನೀರು ಕುಡಿಯುತ್ತಿತ್ತು, ಆ ನೀರು ಯಾವ ಬಾವಿಯದು, ಯಾವ ಏರಿನಲ್ಲಿ ಗಾಡಿ ನಿಂತುಬಿಡುತ್ತಿತ್ತು, ನಿಂತರೆ ಏನು ಮಾಡುತ್ತಿದ್ದಿರಿ, ಕಾಡಾನೆ, ಕಾಡುಕೋಣ ಅಡ್ಡ ಬಂದದ್ದುಂಟೆ, ಸುಟ್ಟ ಕೈಗೆ ಏನು ಹಚ್ಚುತ್ತಿದ್ದಿರಿ ಎಂದು ಕೇಳಬೇಕು. ಸಲಿಕೆ ಹಿಡಿಯುವ ಬಗೆಯನ್ನು ಅವರ ಕೈಯಲ್ಲೇ ತೋರಿಸಿ ಚಿತ್ರೀಕರಿಸಬೇಕು. ಭದ್ರಾವತಿಯ ಟ್ರಾಮ್ ಮತ್ತು ನರಸಿಂಹರಾಜಪುರದ ಪುಟ್ಟ ರೈಲನ್ನು ಕಂಡವರು ಇನ್ನೂ ಹಿರಿಯರಾದ್ದರಿಂದ ಅವರಿಂದಲೇ ಆರಂಭಿಸುವುದು ಒಳಿತು. ಹಾದಿಯುದ್ದಕ್ಕೂ ನೀರಿನ ತೊಟ್ಟಿಯ ಕಟ್ಟೆ, ಹಳೆಯ ಸೇತುವೆಯ ಕಲ್ಲುಕಂಬ, ಮೀಟರ್ ಗೇಜ್ ಕಾಲದ ಕಟ್ಟಡ ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಗುರುತಿಸಿ ಒಂದು ನಕ್ಷೆ ಮಾಡಿದರೆ, ಇಂದಿನ ರೈಲಿನ ಕಿಟಕಿಯಿಂದ ನೋಡುವ ಮಕ್ಕಳಿಗೂ ಅದು ಉಪಯೋಗವಾದೀತು.

ಎಷ್ಟೋ ಮನೆಗಳ ಅಟ್ಟದಲ್ಲಿ ಕೈಕಂದೀಲು, ಹಿತ್ತಾಳೆಯ ಬಿಲ್ಲೆ, ಕೆಂಪು–ಹಸಿರು ಬಾವುಟ, ಹಳೆಯ ವೇಳಾಪಟ್ಟಿ, ಡ್ಯೂಟಿ ಪುಸ್ತಕಗಳು ಬಿದ್ದಿರಬಹುದು. ಮನೆ ಕೆಡವಿ ಕಟ್ಟುವಾಗ ಅವು ಮೊದಲು ಗುಜರಿಗೆ ಹೋಗುತ್ತವೆ. ಅವನ್ನು ರಸೀದಿ ಕೊಟ್ಟು, ಕೊಟ್ಟವರ ಹೆಸರು ಬರೆದು ಸ್ವೀಕರಿಸುವ ಒಂದು ವ್ಯವಸ್ಥೆ ಅರಸಾಳಿನಲ್ಲಿ ಇರಲಿ.

ಇದಕ್ಕೆ ಹೊಸ ಹಳಿ ಬೇಡ, ಬಾಯ್ಲರ್ ಪರೀಕ್ಷೆ ಬೇಡ, ಕೋಟಿಗಳ ಅನುದಾನವೂ ಬೇಡ. ನಮ್ಮ ಬೀದಿಯ ಹಿರಿಯರ ಮಾತನ್ನು ನಾನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲು ಆರಂಭಿಸಿದ್ದೇನೆ. ಅದನ್ನು ಎಲ್ಲಿ ಕೊಡಬೇಕು ಎಂಬುದಷ್ಟೇ ಈಗ ನನ್ನ ಪ್ರಶ್ನೆ. ವಿಭಾಗೀಯ ಅಧಿಕಾರಿಗಳು ಈ ಪತ್ರವನ್ನು ಗಮನಿಸಿ ಒಬ್ಬ ಸಿಬ್ಬಂದಿಯನ್ನು ಇದಕ್ಕೆ ಗೊತ್ತುಪಡಿಸಿದರೆ ಉಳಿದ ಓಡಾಟಕ್ಕೆ ನಮ್ಮಂಥ ನಿವೃತ್ತರು ಸಿದ್ಧರಿದ್ದೇವೆ. ಯಾರನ್ನು ಹುಡುಕಬೇಕೆಂಬುದೂ ಕಷ್ಟದ ಮಾತಲ್ಲ: ಯಾರು ಎಲ್ಲಿ ಯಾವ ಹುದ್ದೆಯಲ್ಲಿದ್ದರು, ಈಗ ಎಲ್ಲಿದ್ದಾರೆ ಎಂಬ ವಿವರ ರೈಲ್ವೆಯ ಪಿಂಚಣಿ ಕಡತಗಳಲ್ಲಿಯೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಸಾಗರ, ಶಿವಮೊಗ್ಗ ಜಿಲ್ಲೆ